ಎದುರಿನವನ ಪಾಲಿನ ಮುಖ

ಜೂನ್ ೧೧

ಪ್ರೀತಿಯ ಭಾವನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಇವನಿಗೇನು ಬಂದಿದೆ ದೊಡ್ಡ ರೋಗ, ನಾಲ್ಕು ಸಾಲು ಬರೆಯೋಕಾಗಲ್ವಾ ಎಂದು ಬೈದುಕೊಂಡಿರುತ್ತೀರಿ. ಬೈಯಿರಿ. ಬೈಸಿಕೊಳ್ಳದೆ ನನಗೂ ಒಂಥರಾ ಆಗಿದೆ. ತಡವಾದದ್ದಕ್ಕೆ ಕಾರಣ ಸೋಮಾರಿತನವಲ್ಲ, ಪ್ಯಾಂಟು. ನನ್ನ ಬಿಳಿ ಕೋಟಿನ ಸೈನ್ಯದಲ್ಲಿ ಕೊನೆಯ ಎರಡು ದಳ ಬಾಕಿ ಇತ್ತಲ್ಲ, ಅಷ್ಟೂ ಜನರಿಗೆ ಪ್ಯಾಂಟು ಹಾಕಿ ಮುಗಿಸುವವರೆಗೆ ಪೆನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೆ. ನಮ್ಮ ಕೆಲಸ ನಿಮಗೆ ಗೊತ್ತೇ ಇದೆ. ಐಸ್‌ಕ್ರೀಮ್ ಕಡ್ಡಿಯ ಮೇಲೆ ಸೀಸದ ಸೈನಿಕರನ್ನು ಸಾಲಾಗಿ ಅಂಟಿಸಿಕೊಂಡು ಬಣ್ಣ ಹಚ್ಚುವುದು, ಮೊದಲು ಎಲ್ಲರ ಪ್ಯಾಂಟು, ಆಮೇಲೆ ಎಲ್ಲರ ಕೋಟು, ಆಮೇಲೆ ಎದೆಯ ಮೇಲಿನ ಪಟ್ಟಿ, ಬೂಟು, ಬಂದೂಕು. ಪ್ಯಾಂಟಿನ ಹಂತದಲ್ಲಿ ಎದ್ದು ಹೋದರೆ ಮತ್ತೆ ಕೂರಲು ಮನಸ್ಸೇ ಬರುವುದಿಲ್ಲ. ಅಂತೂ ಮುಗಿಯಿತು ಭಾವ. ಸಾವಿರದ ಚಿಲ್ಲರೆ ಜನ, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರದವರು, ಒಬ್ಬರೂ ಬರಿಮೈಯಲ್ಲಿಲ್ಲ.

ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿ ಮೇಜು ಮಾಡಿದ್ದೇನೆ. ಕೋಣೆ ತುಂಬಿಹೋಗಿದೆ. ಮಂಚಕ್ಕೆ ಹೋಗಬೇಕೆಂದರೆ ಗೋಡೆಗೆ ಬೆನ್ನು ಒತ್ತಿಕೊಂಡು ಏಡಿಯ ಹಾಗೆ ನಡೆಯಬೇಕು. ಮೊನ್ನೆ ಕೆಳಗಿನ ಮನೆಯ ಓನರಮ್ಮ ನೀರಿನ ಮೋಟರ್ ವಿಷಯ ಹೇಳಲು ಮೇಲೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ಏನ್ರೀ ಇದು! ಇರುವೆ ಸಾಲು ಅಂದ್ಕೊಂಡು ಎದೆ ಧಸಕ್ ಅಂತು.”

“ಸೈನ್ಯ ಅಮ್ಮಾ. ಇನ್ನೂರು ವರ್ಷದ ಹಿಂದಿನ ಯುದ್ಧ. ಸೀಸದ ಸೈನಿಕರು. ಬಣ್ಣ ಹಚ್ಚಿ ನಿಲ್ಲಿಸಿ, ದಾಳ ಹಾಕಿ, ಅಳತೆಪಟ್ಟಿ ಹಿಡಿದು ಯುದ್ಧ ಮಾಡ್ತೀವಿ.”

“ಮಾಡ್ತೀವಿ ಅಂದ್ರೆ ಯಾರ್ಯಾರು?”

“ನಾನು, ನಮ್ಮ ಭಾವ.”

ಅವರು ಕೋಣೆಯ ಸುತ್ತ ಒಂದು ಸಲ ಕಣ್ಣಾಡಿಸಿದರು. ಮೇಜಿನ ಆ ಕಡೆಯ ಕುರ್ಚಿಯ ಮೇಲೆ ನನ್ನ ಒಣಗಿದ ಬಟ್ಟೆ ರಾಶಿ ಬಿದ್ದಿತ್ತು. “ಎಲ್ಲಿದಾರೆ ಭಾವ?” ಎಂದರು. “ಬರ್ತಾರೆ” ಎಂದೆ. ಅವರು ಹೋದ ಕೂಡಲೇ ಬಟ್ಟೆ ಮಡಿಸಿಟ್ಟು ಕುರ್ಚಿ ಒರೆಸಿದೆ.

ನೋಡಿ, ಅದಕ್ಕೇ ಈ ಕಾಗದ. ದೊಡ್ಡ ಯುದ್ಧ, ಎರಡೂ ಸೈನ್ಯ ಪೂರ್ತಿಯಾದ ಮೇಲೆ ಆಡೋಣ ಎಂದು ನೀವು, ಅಕ್ಕ, ನಾನು ಮೂವರೂ ಸೇರಿ ಇಟ್ಟುಕೊಂಡಿದ್ದ ಯುದ್ಧ, ಇನ್ನು ಆಡಬಹುದು. ನಿಮ್ಮ ನೀಲಿ ಕೋಟಿನವರನ್ನು ಕರೆದುಕೊಂಡು ಬನ್ನಿ. ಹಾಸಿಗೆ ನಿಮಗೆ, ನಾನು ಮೇಜಿನ ಕೆಳಗೆ ಮಲಗುತ್ತೇನೆ.

ಮುಖಗಳನ್ನು ನಾನೇ ಬರೆದೆ, ಈ ಕೊನೆಯ ಎರಡು ದಳದ್ದು. ಮಿಕ್ಕವರದೆಲ್ಲ ಅಕ್ಕನ ಕೈಯದು. ಸ್ಟುಡಿಯೋದಲ್ಲಿ ಹಗಲಿಡೀ ಮಂದಿಯ ಫೋಟೋ ತಿದ್ದಿ ಬಂದು, ಸಂಜೆ ಕಿಟಕಿಯ ಹತ್ತಿರ ಕೂತು ನಮ್ಮ ಎರಡೂ ಸೈನ್ಯಕ್ಕೆ ಮುಖ ಬರೆಯುತ್ತಿದ್ದಳಲ್ಲ. ನಾನು ಮೊದಲು ಬರೆಯಲು ಹೋದಾಗ ಏನಂದಳು, ನೆನಪಿದೆಯಾ? “ಲ್ಯಾಬಲ್ಲಿ ಹಲ್ಲಿನ ಸೆಟ್ ಮಾಡಿ ಮಾಡಿ ನಿನಗೆ ಒಸಡಿನ ಬಣ್ಣ ಒಂದೇ ಗೊತ್ತು ಕಣೋ. ಇವರೆಲ್ಲ ಬಾಯಿ ಕಳ್ಕೊಂಡು ನಿಂತ ಹಾಗಿದಾರೆ. ಕೊಡು ಇಲ್ಲಿ.” ಅವಳದು ಒಂದು ಕಂದು ನೆರಳು, ಅದರ ಮೇಲೆ ಮೂಗಿಗೆ ಒಂದು, ಕೆನ್ನೆಗೆ ಎರಡು ತಿಳಿ ಚುಕ್ಕೆ. ಅಷ್ಟೇ. ಟೋಪಿಯ ಕೆಳಗೆ ನೆರಳು ಕೂತರೆ ನೋಡುವವರೇ ಕಣ್ಣು ತುಂಬಿಕೊಳ್ಳುತ್ತಾರೆ ಎನ್ನುತ್ತಿದ್ದಳು. ಇಷ್ಟು ಸಣ್ಣ ಮುಖಕ್ಕೆ ಕಣ್ಣು ಬರೆದರೆ ಎಲ್ಲರೂ ದೆವ್ವ ಕಂಡವರ ಹಾಗೆ ಬೆಚ್ಚಿ ನಿಲ್ಲುತ್ತಾರಂತೆ. ಈ ಸಲ ನನ್ನ ಒಸಡುಗಳು ಸ್ವಲ್ಪ ಮುಖದ ಹಾಗೆ ಬಂದಿವೆ. ನೀವೇ ನೋಡಿ ಹೇಳಬೇಕು. ನನಗಂತೂ ಕಾಣುವುದಿಲ್ಲ. ಯುದ್ಧಕ್ಕೆ ನಿಂತ ಮೇಲೆ ನಮ್ಮ ಸೈನ್ಯದ ಬೆನ್ನು ಮಾತ್ರ ನಮಗೆ, ಮುಖವೆಲ್ಲ ಎದುರಿನವನ ಪಾಲು.

ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರನ್ನು ಏನೆಂದು ಕರೆಯಬೇಕೋ ನನಗಿನ್ನೂ ತಿಳಿಯದು, ತಪ್ಪು ತಿಳಿಯಬೇಡಿ ಎನ್ನಿ. ಫೋನ್ ಮಾಡಬಾರದಾ ಎಂದು ಕೇಳಿದ್ದಿರಿ. ಯುದ್ಧದ ಅಪ್ಪಣೆ ಬಾಯಲ್ಲಿ ಹೇಳಬಾರದು, ಚೀಟಿಯಲ್ಲಿ ಬರೆದೇ ಕೊಡಬೇಕು ಎಂದು ರೂಢಿ ಮಾಡಿಸಿದವರು ನೀವೇ. ಈಗ ನನಗೆ ಬಾಯಿ ಬರುವುದಿಲ್ಲ.

ನಿಮ್ಮ ಉತ್ತರದ ದಾರಿ ನೋಡುತ್ತಾ,
ಬಿಳಿ ಕೋಟಿನ ಸೇನಾಪತಿ

ಮತ್ತೊಂದು ಮಾತು: ನಿಮ್ಮ ಮದುವೆಗೆ ಬರಲಿಲ್ಲವೆಂದು ನಿಮಗೆ ಬೇಜಾರಿದೆ. ಜ್ವರ ನಿಜವಾಗಿಯೂ ಇತ್ತು. ನೀವು ನಂಬಿಲ್ಲವೆಂದು ಗೊತ್ತು.


ಆಗಸ್ಟ್ ೨೮

ಪ್ರೀತಿಯ ಭಾವನಿಗೆ,

ನಮಸ್ಕಾರ. ಈ ಸಲವೂ ತಡ, ಈ ಸಲ ಪ್ಯಾಂಟಿನ ನೆಪವೂ ಇಲ್ಲ. ನಿಮ್ಮ ಕಾಗದ ಓದಿ ಸಿಟ್ಟು ಬಂತು. ಸಿಟ್ಟಿನಲ್ಲಿ ಬರೆದದ್ದನ್ನು ಹರಿದೆ. ಆಮೇಲೆ ಬೇಜಾರು ಬಂತು, ಬೇಜಾರಿನಲ್ಲಿ ಬರೆದದ್ದು ಇನ್ನೂ ಕೆಟ್ಟದಾಗಿತ್ತು, ಅದನ್ನೂ ಹರಿದೆ. ಇದು ಮೂರನೆಯದು. ಹೇಗಿದ್ದರೂ ಹಾಕಿಬಿಡುತ್ತೇನೆ.

ಮೊಣಕಾಲು ನೋವು, ಬಸ್ಸಿನಲ್ಲಿ ಅಷ್ಟು ದೂರ ಕೂರಲಾಗದು ಎಂದು ಬರೆದಿದ್ದೀರಿ. ಅದನ್ನು ಒಪ್ಪಿಕೊಂಡೆ. ಆದರೆ ಅದರ ಕೆಳಗೆ ಬರೆದಿದ್ದೀರಲ್ಲ, “ಆ ಮೇಜಿನ ಮುಂದೆ ನಿಂತರೆ ನಡುವಿನ ಸ್ಟೂಲು ಖಾಲಿ ಕಾಣತ್ತೆ ಕಣೋ, ನನ್ನಿಂದಾಗಲ್ಲ, ನನ್ನ ಸೈನ್ಯ ಕಳಿಸ್ತೀನಿ, ಎರಡೂ ಕಡೆ ನೀನೇ ಆಡ್ಕೋ” ಎಂದು. ಅದನ್ನು ಹೇಗೆ ಒಪ್ಪಿಕೊಳ್ಳಲಿ? ಆ ಸ್ಟೂಲು ನನಗೂ ಕಾಣುತ್ತದೆ ಭಾವ. ನಾನು ಅದರ ಜೊತೆಗೇ ಇದ್ದೇನೆ. ಅದರ ಮೇಲೆ ಬಣ್ಣದ ಡಬ್ಬಿ ಕೂಡ ಇಡುವುದಿಲ್ಲ.

ಅದರ ಮೇಲೆ ಕೂತು ನಮ್ಮಿಬ್ಬರ ಚೀಟಿ ಬಿಡಿಸಿ ಓದಿ ಅಕ್ಕ ತೀರ್ಪು ಕೊಡುತ್ತಿದ್ದಳು. ಒಂದು ತೀರ್ಪೂ ನ್ಯಾಯವಾಗಿರಲಿಲ್ಲ. ಯಾರು ಸೋಲುತ್ತಿದ್ದಾರೋ ಅವರ ಕಡೆಗೇ ವಾಲುತ್ತಿದ್ದಳು. ನೀವು ಕೂಗಾಡುತ್ತಿದ್ದಿರಿ, “ಇದೇನೇ ಇದು, ನನ್ನ ಕುದುರೆಗಳು ಆಗಲೇ ಸೇತುವೆ ದಾಟಿವೆ!” ಎಂದು. ಅವಳು ಚೀಟಿ ಮಡಚಿ, “ದಾಟಿಲ್ಲ. ನೀರು ಕುಡೀತಿವೆ” ಎನ್ನುತ್ತಿದ್ದಳು. ನಕ್ಕು ನಕ್ಕು ನಾನೇ ನನ್ನ ಸೈನಿಕರನ್ನು ಉರುಳಿಸಿಬಿಡುತ್ತಿದ್ದೆ.

ಮೊನ್ನೆ ನಮ್ಮ ಲ್ಯಾಬಿನಲ್ಲಿ ಒಂದು ಮಾತು ನಡೆಯಿತು. ದಂತವೈದ್ಯರು ಮೇಲಿನ ದವಡೆಯ ಸೆಟ್ ಒಂದನ್ನು ಬೇಗ ಬೇಕೆಂದು ಹೇಳಲು ಬಂದವರು, ಟೀ ಕುಡಿಯುತ್ತಾ ಕೇಳಿದರು, ರಜೆ ಯಾಕೆ ತೆಗೆಯುವುದಿಲ್ಲ, ಎಲ್ಲಾದರೂ ಹೋಗಿ ಬರಬಾರದಾ ಎಂದು. ಭಾವ ಬರುವವರಿದ್ದಾರೆ, ಆಗ ತೆಗೆಯುತ್ತೇನೆ ಎಂದೆ.

“ಭಾವ ಅಂದ್ರೆ ಅಕ್ಕನ ಗಂಡ ತಾನೇ? ಅಕ್ಕ ತೀರ್ಕೊಂಡ್ರು ಅಂದಿದ್ರಿ.”

“ಹೌದು ಸಾರ್.”

“ಅವರು ಇನ್ನೊಂದು ಮದುವೆನೂ ಮಾಡ್ಕೊಂಡ್ರು ಅಂದ್ರಿ.”

“ಹೌದು ಸಾರ್.”

“ಹಾಗಾದ್ರೆ ಈಗ ಅವರು ನಿಮಗೇನಾಗ್ಬೇಕು?”

ಒಳ್ಳೆಯ ಮನುಷ್ಯ, ಕುಹಕದಿಂದ ಕೇಳಿದ್ದಲ್ಲ. ಕೈಯಲ್ಲಿ ಯಾರದೋ ದವಡೆ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ “ಎದುರಾಳಿ ಸಾರ್” ಎಂದುಬಿಟ್ಟೆ. ಅವರು ನಕ್ಕರು. ನಾನೂ ನಕ್ಕೆ. ಮಧ್ಯಾಹ್ನವಿಡೀ ಕೆಲಸ ಕೈಗೆ ಹತ್ತಲಿಲ್ಲ.

ನಿಮ್ಮನ್ನೇ ಕೇಳುತ್ತೇನೆ. ಅಕ್ಕ ಇಲ್ಲದ ಮೇಲೆ ನಾನು ನಿಮಗೆ ಏನಾಗಬೇಕು? ನೀವು ಅಲ್ಲಿ ಸಂಸಾರ ಹೂಡಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಮನೆಯೊಳಗೆ ಇನ್ನೊಬ್ಬರ ಕೆಮ್ಮು ಕೇಳಿಸಿದರೆ ಎಷ್ಟು ಧೈರ್ಯ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸೈನ್ಯವನ್ನು ಪಾರ್ಸೆಲ್ ಮಾಡಿಬಿಟ್ಟರೆ ಮುಗಿಯಿತಲ್ಲ ಭಾವ. ಆಮೇಲೆ ನೀವು ಇಲ್ಲಿಗೆ ಬರಲು ಕಾರಣ ಏನುಳಿಯಿತು? ಕಳಿಸಬೇಡಿ. ತನ್ನಿ. ಮುಂದಿನ ತಿಂಗಳಾಗಲಿ, ಮುಂದಿನ ವರ್ಷವಾಗಲಿ, ಮೊಣಕಾಲು ಸರಿಹೋಗಲಿ. ಸೀಸದವರು, ಕಾಯುತ್ತಾರೆ.

ಇನ್ನು ಮನೆಯವರ ವಿಷಯ. ಅವರು ಬಟ್ಟೆ ಬೊಂಬೆ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆಂದು ಬರೆದಿದ್ದೀರಿ. ನಿಮ್ಮ ಟ್ರಂಕು ತೆಗೆದು ನೋಡಿ, ಅಕ್ಕನಿಗೆ ಬರೆಯಲಾಗದೆ ಹೋದ ಮೂರು ದಳದವರ ಬೋಳು ಮುಖ ಕಂಡು, “ಅಯ್ಯೋ ಪಾಪ, ಇವರನ್ನ ಹೀಗೇ ಬಿಟ್ಟಿದೀರಲ್ಲ” ಎಂದರಂತೆ. ತಾವೇ ಬಣ್ಣ ಹಚ್ಚುತ್ತೇನೆ ಎನ್ನುತ್ತಿದ್ದಾರೆ, ಏನನ್ನುತ್ತೀಯ ಎಂದು ಕೇಳಿದ್ದೀರಿ. ನಾನು ಏನನ್ನಲಿ, ನಿಮ್ಮ ಸೈನ್ಯ, ನಿಮ್ಮ ಮನೆ. ಹಚ್ಚಲಿ. ಬೋಳು ಮುಖದವರು ಎದುರಿಗೆ ನಿಂತರೆ ನನಗೂ ನೋಡಲಾಗುವುದಿಲ್ಲ. ಹೇಗೆ ಹಚ್ಚಬೇಕೆಂದು ನಿಮಗೆ ಗೊತ್ತೇ ಇದೆ, ನೀವೇ ಹತ್ತಿರ ಕೂತು ಹೇಳಿಕೊಡಿ.

ಮಾತ್ರೆ ತಪ್ಪಿಸಬೇಡಿ. ಬಿಸಿನೀರಿನ ಚೀಲ ಇಟ್ಟುಕೊಳ್ಳಿ.

ನಿಮ್ಮ,
ಸೇನಾಪತಿ

ಮತ್ತೊಂದು ಮಾತು: ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯಲೇಬೇಕೆಂದಿಲ್ಲ. ಸುಮ್ಮನೆ ಕೇಳಿದೆ.


ನವೆಂಬರ್ ೧೯

ಪ್ರೀತಿಯ ಭಾವನಿಗೆ,

ನಮಸ್ಕಾರ. ಪೆಟ್ಟಿಗೆ ಬಂದು ಸೇರಿತು. ತಲುಪಿದ ಕೂಡಲೇ ಬರೆಯದಿದ್ದದ್ದಕ್ಕೆ ಕ್ಷಮಿಸಿ. ಯುದ್ಧ ನಡೆಯುತ್ತಿತ್ತು, ಅದರ ವರದಿಯನ್ನೂ ಸೇರಿಸಿ ಬರೆಯೋಣವೆಂದು ತಡೆದೆ.

ಕಳಿಸಬೇಡಿ ಎಂದರೂ ಕಳಿಸಿದ್ದೀರಿ. ಇರಲಿ, ಆ ಜಗಳ ಆಮೇಲೆ. ಪಾರ್ಸೆಲಿನವನು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ, “ಏನ್ ಸಾರ್ ಇದು, ಕಬ್ಬಿಣನಾ?” ಎಂದ. “ನೀಲಿ ಕೋಟಿನವರಪ್ಪಾ” ಎಂದೆ. ಪೆಟ್ಟಿಗೆಯ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ, ಸಹಿ ಹಾಕಿಸಿಕೊಂಡು ದಡದಡ ಇಳಿದುಹೋದ.

ಒಳಗೆ ಎಂಥ ಅಚ್ಚುಕಟ್ಟು! ನೀವು ಕಟ್ಟಿದ್ದಲ್ಲವೆಂದು ನೋಡಿದ ಕೂಡಲೇ ತಿಳಿಯಿತು. ನೀವು ಕಟ್ಟಿದ್ದರೆ ಅರ್ಧ ಸೈನ್ಯ ಕುಂಟಿಕೊಂಡು ಬರುತ್ತಿತ್ತು. ಒಬ್ಬೊಬ್ಬ ಬಾವುಟದವನಿಗೂ ಬೇರೆ ಬೇರೆ ಹತ್ತಿಯ ಗೂಡು. ಬೊಂಬೆ ಕಾರ್ಖಾನೆಯ ಹತ್ತಿಯೇ ಇರಬೇಕು, ಅಷ್ಟು ಮೆತ್ತಗಿದೆ. ಒಂದು ಬಂದೂಕು ಕೂಡ ಬಾಗಿಲ್ಲ.

ಸಂಜೆ ನಿಮ್ಮ ಮನೆಯವರೇ ಫೋನ್ ಮಾಡಿದ್ದರು. ನೀವು ಸ್ನಾನಕ್ಕೆ ಹೋಗಿದ್ದಿರಂತೆ. “ತಮ್ಮಾ, ಪೆಟ್ಟಿಗೆ ಸಿಕ್ತಾ? ಯಾರ ಕೈಕಾಲೂ ಮುರಿದಿಲ್ಲ ತಾನೇ?” ಎಂದರು. ಇಲ್ಲ, ಎಲ್ಲರೂ ಸುಖವಾಗಿ ಬಂದಿದ್ದಾರೆ ಎಂದೆ. “ಎರಡು ತಿಂಗಳು ಕೂತೆ ನೋಡು. ಕಾರ್ಖಾನೇಲಿ ನನ್ನ ಕೆಲಸ ಅದೇ, ಬೊಂಬೆಗಳಿಗೆ ಕಣ್ಣು ಕೂರಿಸೋದು. ಕಣ್ಣು ಕೂರಿಸದ ಹೊರತು ಬೊಂಬೆ ಹೊರಗೆ ಹೋಗೋ ಹಾಗಿಲ್ಲ. ಇವರು ನೋಡಿದ್ರೆ ಬರೀ ಮೂರು ದಳ ಬಾಕಿ ಅಂತಾರೆ, ನಾನು ತೆಗೆದು ನೋಡಿದ್ರೆ ಒಬ್ಬನಿಗೂ ಕಣ್ಣಿಲ್ಲ! ಕಣ್ಣು ಕಾಣದೆ ಯುದ್ಧ ಹೆಂಗೆ ಮಾಡ್ತಾರೆ, ಪಾಪ. ಅದಕ್ಕೆ ಎಲ್ಲರಿಗೂ ಇಟ್ಟುಬಿಟ್ಟೆ. ಚೆನ್ನಾಗಿದೆಯಾ?”

ಚೆನ್ನಾಗಿದೆ ಎಂದೆ. ನಿಮ್ಮ ಮೊಣಕಾಲಿನ ವಿಷಯ, ನಿಮ್ಮ ಗೊರಕೆಯ ವಿಷಯ, ನೀವು ಉಪ್ಪು ಜಾಸ್ತಿ ಕೇಳುವ ವಿಷಯ ಎಲ್ಲ ಹೇಳಿದರು. ಗೊರಕೆಯ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ. ಕೊನೆಗೆ, “ಒಂದ್ಸಲ ಬಾ ತಮ್ಮಾ ಮನೆಗೆ, ಏನು ಸಂಕೋಚ” ಎಂದರು. ಹೂಂ ಎಂದೆ.

ಈಗ ಯುದ್ಧದ ವರದಿ. ನೀವು ಹೇಳಿದಂತೆ ಎರಡೂ ಕಡೆ ನಾನೇ ಆಡಿದೆ. ನಿಮ್ಮ ಚೀಟಿ ನಾನೇ ಬರೆದೆ, ನನ್ನ ಚೀಟಿಯನ್ನೂ ನಾನೇ ಬರೆದೆ, ಎರಡನ್ನೂ ಮಡಚಿ ಸ್ಟೂಲಿನ ಮೇಲಿಟ್ಟು, ಕೈ ತೊಳೆದುಕೊಂಡು ಬಂದು, ಏನೂ ಗೊತ್ತಿಲ್ಲದವನ ಹಾಗೆ ಬಿಡಿಸಿ ಓದಿದೆ. ನನ್ನ ಎಡಗಡೆಯ ಕುದುರೆಗಳು ಗುಡ್ಡದ ಹಿಂದಿನಿಂದ ಬರುವ ಗುಟ್ಟು ನಿಮಗೆ ಮೊದಲೇ ಗೊತ್ತಾಗಿಬಿಟ್ಟಿತ್ತು. ಹೇಗೋ ಏನೋ! ನೀವು ಮೋಸಗಾರರೆಂದು ನಾನು ಯಾವತ್ತೋ ಹೇಳಿದ್ದೆ. ಹೊಸದಾಗಿ ಬಣ್ಣ ಹಚ್ಚಿಸಿಕೊಂಡ ದಳ ಮೊದಲ ಯುದ್ಧದಲ್ಲಿ ಓಡಿಯೇ ಓಡುತ್ತದೆ ಎನ್ನುತ್ತಿದ್ದಿರಲ್ಲ, ಅದೂ ಈ ಸಲ ಸುಳ್ಳಾಯಿತು. ನಿಮ್ಮ ಹೊಸ ಮೂರು ದಳದವರು ಸೇತುವೆಯ ಮೇಲೆ ಕದಲದೆ ನಿಂತರು. ದಾಳ ಹಾಕಿದಾಗಲೆಲ್ಲ ಆರು. ಮನೆಯವರಿಗೆ ಹೇಳಿ, ಅವರು ಬಣ್ಣ ಹಚ್ಚಿದವರು ಧೈರ್ಯಸ್ಥರು ಎಂದು.

ನೀಲಿ ಕೋಟು ಗೆದ್ದಿತು. ಅಭಿನಂದನೆಗಳು. ಗೆದ್ದಾಗ ನೀವು ಮೇಜು ಗುದ್ದಿ ಟೀ ಚೆಲ್ಲುತ್ತಿದ್ದಿರಿ. ನಿಮ್ಮ ಕುರ್ಚಿಯಲ್ಲಿ ಕೂತು ನಾನೂ ಮೆಲ್ಲಗೆ ಒಂದು ಗುದ್ದು ಗುದ್ದಿದೆ. ಕೆಳಗಿನಿಂದ ಓನರಮ್ಮ, “ಏನ್ ಬಿತ್ರೀ?” ಎಂದು ಕೂಗಿದರು. “ಏನಿಲ್ಲಮ್ಮ, ಸೋತೆ” ಎಂದೆ.

ಮೇಜು ಹಾಗೇ ಇದೆ, ಎತ್ತಿಲ್ಲ. ಮೊಣಕಾಲನ್ನು ಬಿಸಿಯಾಗಿ ಇಟ್ಟುಕೊಳ್ಳಿ. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ. ಚಿಕ್ಕವನು ಹರಸಬಾರದು, ಆದರೂ ಬರೆಯಬೇಕೆನ್ನಿಸಿತು.

ನಿಮ್ಮ,
ಸೋತ ಸೇನಾಪತಿ

ಮತ್ತೊಂದು ಮಾತು: ಇದನ್ನು ಬರೆಯಬಾರದೆಂದಿದ್ದೆ. ಕಾಗದ ಮಡಚಿ ಅಂಟು ಹಾಕಲು ಕೂತವನು ಮತ್ತೆ ಬಿಡಿಸಿದ್ದೇನೆ. ಅವರ ಎದುರಿಗೆ ಓದಬೇಡಿ.

ಅವರ ಫೋನ್ ಬಂದಾಗ ನನ್ನ ಕೈಯಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಕಡ್ಡಿ ಇತ್ತು. ಎಲ್ಲರಿಗೂ ಕಣ್ಣಿಟ್ಟೆ ಎಂದರಲ್ಲ, ಎಲ್ಲರೂ ಎಂದರೆ ಅಕ್ಕ ಬರೆದವರೂ ಸೇರಿ. ನಿಮ್ಮ ಹಳೆಯ ದಳಗಳು, ಡೋಲಿನವರು, ಫಿರಂಗಿಯವರು, ಎಲ್ಲರೂ. ಅಕ್ಕ ಇಟ್ಟ ಆ ಕಂದು ನೆರಳಿನ ಮೇಲೆ ಎರಡೆರಡು ಬಿಳಿ ಚುಕ್ಕೆ, ಅದರೊಳಗೆ ಕಪ್ಪು. ಮುಖ ಮುಗಿದ ಮೇಲೆ ಅಕ್ಕ ವಾರ್ನಿಷ್ ಹಚ್ಚುತ್ತಿದ್ದಳು, ಈ ಕಣ್ಣು ಅದರ ಮೇಲೆ ಕೂತಿವೆ, ಜಾಗ್ರತೆಯಾಗಿ ತಿಕ್ಕಿದರೆ ಕೆಳಗಿನದು ಕೆಡದೆ ಬಿಟ್ಟುಕೊಳ್ಳುತ್ತವೆ. ಒಬ್ಬ ಡೋಲಿನವನನ್ನು ಎತ್ತಿಕೊಂಡು ಒಂದು ಕಣ್ಣು ತೆಗೆದಿದ್ದೆ. ಅಷ್ಟರಲ್ಲಿ ಫೋನು. ಎತ್ತಿದೆ. “ತಮ್ಮಾ” ಎಂದರು. ಅಕ್ಕ ಹೋದ ಮೇಲೆ ನನ್ನನ್ನು ಹಾಗೆ ಯಾರೂ ಕರೆದಿಲ್ಲ ಭಾವ. ಹಲ್ಲುಕಡ್ಡಿ ಕೆಳಗಿಟ್ಟೆ. ಮತ್ತೆ ಮುಟ್ಟಿಲ್ಲ. ಮುಟ್ಟುವುದೂ ಇಲ್ಲ. ಅವರನ್ನು ಅಕ್ಕ ಎನ್ನಲು ಬಾಯಿ ಬರಲಿಲ್ಲ, ಸ್ವಲ್ಪ ಸಮಯ ಕೊಡಿ. ಇದನ್ನು ಮಾತ್ರ ಯಾವತ್ತೂ ಹೇಳಬೇಡಿ ಅವರಿಗೆ.

ಪಕ್ಕದಲ್ಲೇ ಇದ್ದು ನೀವು ಯಾಕೆ ತಡೆಯಲಿಲ್ಲವೆಂದು ಮೊದಲು ಕುದ್ದುಹೋದೆ. ಯುದ್ಧ ಆಡುತ್ತಾ ಸುತ್ತಿ ಬಂದು ನಿಮ್ಮ ಕುರ್ಚಿಯಲ್ಲಿ ಕೂತೆನಲ್ಲ, ಆಗ ಗೊತ್ತಾಯಿತು. ಅಲ್ಲಿಂದ ನೀಲಿ ಕೋಟಿನವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಆ ಮುಖಗಳನ್ನು ನೀವು ಯಾವತ್ತು ನೋಡಿದ್ದಿರಿ? ಅಷ್ಟು ವರ್ಷ ಎದುರಿಗೆ ಕೂತು ಅವನ್ನು ನೋಡಿದವನು ನಾನು. ನಿಮ್ಮ ಸೈನ್ಯಕ್ಕೆ ಅಕ್ಕ ಬರೆದದ್ದೆಲ್ಲ ನನಗೆ ಬರೆದದ್ದು. ಈಗ ನನ್ನ ಕುರ್ಚಿಯಲ್ಲಿ ಕೂತರೆ ಅಷ್ಟೂ ಜನ ಕಣ್ಣು ಬಿಟ್ಟುಕೊಂಡು, ಯಾರಪ್ಪಾ ಇವನು ಎನ್ನುವ ಹಾಗೆ ನನ್ನನ್ನೇ ನೋಡುತ್ತಾರೆ.

ಆದರೆ ನನ್ನ ಬಿಳಿ ಕೋಟಿನವರಿಗೆ ಅವಳು ಬರೆದದ್ದು ನಿಮಗೆ. ಅದನ್ನು ಯಾರೂ ಮುಟ್ಟಿಲ್ಲ. ನನ್ನ ಪಾಲಿನ ಅಕ್ಕ ಹೋದಳು ಭಾವ. ನಿಮ್ಮ ಪಾಲಿನವಳು ಇಲ್ಲೇ ಇದ್ದಾಳೆ, ನಿಮ್ಮ ಕುರ್ಚಿಯ ಎದುರಿಗೆ. ಒಂದು ಸಲ ಬಂದು ಕೂತು ನೋಡಿಕೊಂಡು ಹೋಗಿ.